ಕೆಂಪು ಮುಚ್ಚಳ, ಕಿತ್ತಳೆ ಮುಚ್ಚಳ: ಮೂಡಿಗೆರೆ ಕಡೆಯ ಒಂದು ನಾಯಿಯ ಸಕ್ಕರೆ ಕಾಯಿಲೆ

ಅಂಗಳದ ಮೂಲೆಗೆ ಇರುವೆ ಮುತ್ತಿದ್ದನ್ನು ಮೊದಲು ನೋಡಿದವರು ಅಜ್ಜಿ. ದೀಪಾವಳಿ ಮುಗಿದ ಮರುದಿನ. ಜೂಲಿ ಉಚ್ಚೆ ಹೊಯ್ದಿದ್ದ ಜಾಗದಲ್ಲಿ ಕಪ್ಪಿರುವೆ ಸಾಲು ಹಿಡಿದಿತ್ತು. "ಯಾರೇ ಇಲ್ಲಿ ಬೆಲ್ಲದ ಪಾಕ ಚೆಲ್ಲಿದ್ದು?" ಎಂದು ಅಜ್ಜಿ ಕೂಗಿದರು. ಯಾರೂ ಚೆಲ್ಲಿರಲಿಲ್ಲ.

ಜೂಲಿ ನಮ್ಮ ಚಿಕ್ಕಮ್ಮನ ಮನೆಯ ಹೆಣ್ಣು ನಾಯಿ. ಪಾಮೇರಿಯನ್ ಮರಿ ಅಂತ ತಂದದ್ದು, ಬೆಳೆದಾಗ 13 ಕೆಜಿಯ ಸ್ಪಿಟ್ಜ್ ಆಯಿತು. ನಮ್ಮ ಕಡೆ ಬಿಳಿ ಕೂದಲಿನ ಯಾವ ನಾಯಿಯಾದರೂ ಪಾಮೇರಿಯನ್ನೇ. ಆಗ ಅದಕ್ಕೆ 9 ವರ್ಷ. ಮರಿ ಹಾಕಿರಲಿಲ್ಲ, ಮಕ್ಕಳಾಗದ ಆಪರೇಷನ್ನೂ ಮಾಡಿಸಿರಲಿಲ್ಲ. ಮನೆ ಮೂಡಿಗೆರೆ ಕಡೆ, ಸುತ್ತ ಕಾಫಿ, ಮೆಣಸು. ನನಗೆ ಕೆಲಸ ಹಾಸನದಲ್ಲಿ. ಶುಕ್ರವಾರ ರಾತ್ರಿ ಇಲ್ಲವೇ ಶನಿವಾರ ಬೇಲೂರು ಮೇಲೆ ಹೋಗಿ, ಸೋಮವಾರ ಬೆಳಿಗ್ಗೆ ವಾಪಸ್. ಹಾಗಾಗಿ ನಡೆದದ್ದರಲ್ಲಿ ಒಂದಷ್ಟು ನಾನು ಕಂಡದ್ದು, ಒಂದಷ್ಟು ಫೋನಿನಲ್ಲಿ ಕೇಳಿದ್ದು. ಉಳಿದದ್ದು ಚಿಕ್ಕಮ್ಮನ ನೋಟ್‌ಬುಕ್ಕಿನಲ್ಲಿದೆ. ಅದನ್ನು ಎದುರಿಗಿಟ್ಟುಕೊಂಡೇ ಇದನ್ನು ಬರೆಯುತ್ತಿದ್ದೇನೆ.

ಆ ಮನೆಯಲ್ಲಿ ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ ಮೂವರಿಗೂ ಸಕ್ಕರೆ ಕಾಯಿಲೆ. ಹಾಗಾಗಿ ಸಕ್ಕರೆ ಕಾಯಿಲೆ ಬಗ್ಗೆ ಎಲ್ಲರಿಗೂ ಎಲ್ಲ ಗೊತ್ತಿತ್ತು. ತೊಂದರೆ ಶುರುವಾದದ್ದೂ ಅಲ್ಲಿಂದಲೇ.

ಮನೆಮದ್ದಿನ 11 ದಿನ

ಈಗ ಲೆಕ್ಕ ಹಾಕಿದರೆ ಕಾಯಿಲೆ ದೀಪಾವಳಿಗೆ ಮೊದಲೇ ಬಂದಿತ್ತು. ದಿನಕ್ಕೆ ಎರಡು ಸಲ ತುಂಬಿಸುತ್ತಿದ್ದ ನೀರಿನ ಬೋಗುಣಿಯನ್ನು ಐದು ಸಲ ತುಂಬಿಸಬೇಕಾಗಿತ್ತು. ಮರಿಯಿದ್ದಾಗ ಬಿಟ್ಟರೆ ಒಂದು ದಿನವೂ ಮನೆಯೊಳಗೆ ಗಲೀಜು ಮಾಡದ ನಾಯಿ, ರಾತ್ರಿ ಜಗಲಿಯಲ್ಲೇ ಉಚ್ಚೆ ಹೊಯ್ಯುತ್ತಿತ್ತು. ಅದಕ್ಕೆ ಬೈಸಿಕೊಳ್ಳುವುದು ಬೇರೆ. ಹಸಿವು ಮಾತ್ರ ಜಾಸ್ತಿ. ತನ್ನ ತಟ್ಟೆ ನೆಕ್ಕಿ, ಬೆಕ್ಕಿನ ತಟ್ಟೆಯನ್ನೂ ನೆಕ್ಕುತ್ತಿತ್ತು. ಆದರೂ ಬೆನ್ನಿನ ಮೂಳೆ ಕೈಗೆ ಸಿಗತೊಡಗಿತ್ತು. ದಟ್ಟ ಕೂದಲಿನ ನಾಯಿ ಬಡವಾದರೆ ಬೇಗ ಕಣ್ಣಿಗೆ ಕಾಣುವುದಿಲ್ಲ. ಸ್ನಾನ ಮಾಡಿಸಿದ ದಿನ ಒದ್ದೆ ಮೈ ನೋಡಿ ಚಿಕ್ಕಮ್ಮನಿಗೆ ಗಾಬರಿಯಾಯಿತು.

ಬಾಯಾರಿಕೆ, ಇರುವೆ, ಇಳಿದ ಮೈ. ರೋಗದ ಹೆಸರು ಹೇಳಲು ಆ ಮನೆಯವರಿಗೆ ಡಾಕ್ಟ್ರು ಬೇಕಿರಲಿಲ್ಲ. ಮಧುಮೇಹ ಎಂಬ ಹೆಸರು ಹುಟ್ಟಿದ್ದೇ ಸಿಹಿ ಮೂತ್ರದಿಂದ ಅಲ್ವಾ? ಹೆಸರು ಸರಿಯಾಗಿಯೇ ಹೇಳಿದರು. ತಪ್ಪಿದ್ದು ಮದ್ದು. ಹಾಗಲಕಾಯಿ ರಸ ಆಯಿತು. ಮೆಂತ್ಯ ನೆನೆಸಿದ ನೀರಾಯಿತು. ಮಧುನಾಶಿನಿ ಸೊಪ್ಪು ಅರೆದು ಅನ್ನಕ್ಕೆ ಕಲಸಿದ್ದಾಯಿತು. ಕೊನೆಗೆ ಚಿಕ್ಕಪ್ಪ ತಮ್ಮ ಮೆಟ್‌ಫಾರ್ಮಿನ್ ಮಾತ್ರೆಯಲ್ಲಿ ಅರ್ಧ ಮುರಿದು ಮೂರು ದಿನ ಕೊಟ್ಟರು. ಜೂಲಿ ವಾಂತಿ ಮಾಡಿತು. ಜೊತೆಗೆ ಪಥ್ಯ ಅಂತ ಎರಡು ಹೊತ್ತಿನ ಊಟ ಒಂದು ಹೊತ್ತಾಯಿತು.

ಮಾತ್ರೆ, ಪಥ್ಯ, ನಡಿಗೆ ಇವೆಲ್ಲ ಆ ಮೂವರಿಗೆ ಕೆಲಸ ಮಾಡಿವೆ. ಯಾಕೆಂದರೆ ದೊಡ್ಡವರಿಗೆ ಸಾಮಾನ್ಯವಾಗಿ ಬರುವ ಸಕ್ಕರೆ ಕಾಯಿಲೆಯಲ್ಲಿ ಮೇದೋಜೀರಕ ಗ್ರಂಥಿ ಇನ್ನೂ ಇನ್ಸುಲಿನ್ ಮಾಡುತ್ತಿರುತ್ತದೆ, ಮೈ ಅದರ ಮಾತು ಕೇಳುತ್ತಿರುವುದಿಲ್ಲ. ನಾಯಿಯ ಕಥೆ ಬೇರೆ. ಅದಕ್ಕೆ ಕಾಯಿಲೆ ಕಾಣಿಸಿಕೊಳ್ಳುವ ಹೊತ್ತಿಗೆ ಇನ್ಸುಲಿನ್ ಮಾಡುವ ಜೀವಕೋಶಗಳೇ ಬಹುಪಾಲು ಸೋತಿರುತ್ತವೆ. ಸಣ್ಣ ಮಕ್ಕಳಿಗೆ ಬರುವ ಕಾಯಿಲೆಗೆ ಇದು ಹತ್ತಿರ. ಇನ್ಸುಲಿನ್ ಇಲ್ಲದಿದ್ದರೆ ತಿಂದದ್ದು ರಕ್ತದಲ್ಲೇ ಸುತ್ತಿ ಉಚ್ಚೆಯಲ್ಲಿ ಹೋಗುತ್ತದೆ. ಮೈ ಮಾತ್ರ ಉಪವಾಸ. ಹಾಗೆ ಉಪವಾಸ ಇರುವ ಮೈಗೆ ನಾವು ಇನ್ನೊಂದು ಉಪವಾಸ ಹಾಕಿದ್ದೆವು.

ಈ 11 ದಿನದಲ್ಲಿ ಮನೆಯಲ್ಲಿ ಒಂದು ಜಗಳವೂ ಆಯಿತು. ಅಜ್ಜಿ ಸಂಜೆ ಕಾಫಿಯಲ್ಲಿ ಅದ್ದಿದ ಮಾರಿ ಬಿಸ್ಕತ್ತಿನ ಅರ್ಧ ಜೂಲಿಗೆ ಕೊಡುತ್ತಿದ್ದರು. ವರ್ಷಗಳ ರೂಢಿ. "ಸಿಹಿ ತಿನ್ಸಿ ತಿನ್ಸಿ ನೀವೇ ಬರ್ಸಿದ್ದು" ಎಂದು ಚಿಕ್ಕಪ್ಪ ಹೇಳಿಬಿಟ್ಟರು. ಅಜ್ಜಿ ಎರಡು ದಿನ ಜಗಲಿಗೇ ಬರಲಿಲ್ಲ.

ಡಾಕ್ಟ್ರು ಕೇಳಿದ ಪ್ರಶ್ನೆ

ಹನ್ನೆರಡನೇ ದಿನ ಪೇಟೆಯ ಪಶುವೈದ್ಯರ ಹತ್ತಿರ ಕರೆದುಕೊಂಡು ಹೋದೆವು. ತೂಕ 10.5 ಕೆಜಿ. ರಕ್ತದ ಸಕ್ಕರೆ 468. ನಾಯಿಗೆ ಸುಮಾರು 80ರಿಂದ 120 ಇರಬೇಕು. ರಕ್ತದಲ್ಲಿ 180-220 ದಾಟಿದರೆ ಕಿಡ್ನಿ ಹಿಡಿದಿಟ್ಟುಕೊಳ್ಳಲಾರದೆ ಸಕ್ಕರೆಯನ್ನು ಉಚ್ಚೆಗೆ ಬಿಡುತ್ತದೆ, ಅದರ ಹಿಂದೆಯೇ ನೀರೂ ಹೋಗುತ್ತದೆ. ಬಾಯಾರಿಕೆಗೆ ಅದೇ ಕಾರಣ. ಉಚ್ಚೆಯಲ್ಲಿ ಅದ್ದಿದ ಪಟ್ಟಿ ಸಕ್ಕರೆಯ ಕಡೆ ಪೂರ್ತಿ ಬಣ್ಣಕ್ಕೆ ತಿರುಗಿತು. ಕೀಟೋನ್ ಕಡೆಯೂ ತುಸು ಬಣ್ಣ ಬಂತು. ಡಾಕ್ಟ್ರ ಮುಖ ಬಿಗಿಯಾದದ್ದು ಅದನ್ನು ನೋಡಿ. ಸಕ್ಕರೆ ಸಿಗದ ಮೈ ಕೊಬ್ಬು ಸುಡುತ್ತದೆ, ಆಗ ಕೀಟೋನ್ ಹುಟ್ಟುತ್ತದೆ. ಅದು ಏರಿದರೆ ರಕ್ತ ಹುಳಿಯಾಗಿ ಎರಡು ಮೂರು ದಿನದಲ್ಲಿ ಜೀವ ಹೋಗಬಹುದು. ನಾವು ಪಥ್ಯ ಮಾಡಿಸಿದ್ದನ್ನು ಹೇಳಿದಾಗ ಅವರು ಬೈಯಲಿಲ್ಲ. "ಇವತ್ತಿಂದ ಎರಡು ಹೊತ್ತು ಊಟ ಹಾಕಿ" ಎಂದರು ಅಷ್ಟೇ.

ಆಮೇಲೆ ಯಾರೂ ನಿರೀಕ್ಷಿಸದ ಒಂದು ಪ್ರಶ್ನೆ ಕೇಳಿದರು. "ಇದು ಬೆದೆಗೆ ಬಂದಿದ್ದು ಯಾವಾಗ?"

ಚಿಕ್ಕಮ್ಮ ತಡವರಿಸಿದರು. "ಗೌರಿ ಹಬ್ಬದ ಹೊತ್ತಿಗೆ ಸಾರ್. ಭಾದ್ರಪದ ಅಲ್ವಾ, ಗೇಟಿನ ಹೊರಗೆ ಊರಿನ ನಾಯಿಗಳೆಲ್ಲ ಬಂದು ಕೂತಿದ್ವು."

ಉತ್ತರ ಅಲ್ಲೇ ಇತ್ತು. ಹೆಣ್ಣು ನಾಯಿ ಬೆದೆ ಮುಗಿದ ಮೇಲೆ, ಗಬ್ಬವಾಗಲಿ ಬಿಡಲಿ, ಸುಮಾರು ಎರಡು ತಿಂಗಳು ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಮೈಯಲ್ಲಿ ಜಾಸ್ತಿ ಇರುತ್ತದೆ. ನಾಯಿಯಲ್ಲಿ ಇದರದ್ದೊಂದು ವಿಚಿತ್ರ ಗುಣ: ಅದು ಕೆಚ್ಚಲಿನ ಗ್ರಂಥಿಯಿಂದಲೇ ಬೆಳವಣಿಗೆಯ ಹಾರ್ಮೋನು ಹೊರಡಿಸುತ್ತದೆ. ಇವೆರಡೂ ಸೇರಿ ಇನ್ಸುಲಿನ್ ಕೆಲಸಕ್ಕೆ ಅಡ್ಡ ನಿಲ್ಲುತ್ತವೆ. ಚಿಕ್ಕ ವಯಸ್ಸಿನಲ್ಲಿ ಗ್ರಂಥಿ ಹೆಚ್ಚು ದುಡಿದು ಸುಧಾರಿಸಿಕೊಳ್ಳುತ್ತದೆ. ಆರೇಳು ತಿಂಗಳಿಗೊಮ್ಮೆ ಹೀಗೇ ಆಗಿ ಆಗಿ, ವಯಸ್ಸಾದ ಮೇಲೆ ಒಂದು ಬೆದೆಯಲ್ಲಿ ಕೈ ಚೆಲ್ಲುತ್ತದೆ. ಬೇಗ ಗರ್ಭಕೋಶ, ಅಂಡಾಶಯ ತೆಗೆಸಿದರೆ ಕೆಲವು ನಾಯಿಗಳಲ್ಲಿ ಕಾಯಿಲೆಯೇ ಹಿಂದೆ ಸರಿಯುವುದುಂಟು. "ತಡ ಮಾಡ್ಬೇಡಿ. ಎರಡು ವಾರ ಇನ್ಸುಲಿನ್ ಕೊಟ್ಟು ಸ್ವಲ್ಪ ಹದಕ್ಕೆ ಬಂದ್ಮೇಲೆ ಆಪರೇಷನ್ ಮಾಡಿಸಿ" ಎಂದರು.

ಬಿಸ್ಕತ್ತಿನ ಆರೋಪದಿಂದ ಅಜ್ಜಿ ಬಿಡುಗಡೆಯಾದರು. ವಾಪಸ್ ಬರುವಾಗ ಕಾರಿನಲ್ಲಿ ಚಿಕ್ಕಪ್ಪ ಮಾತೇ ಆಡಲಿಲ್ಲ. ಮನೆಗೆ ಬಂದವರೇ "ಅಮ್ಮಾ, ಕಾಫಿ ಕುಡಿದ್ರಾ?" ಎಂದು ಕೇಳಿದರು. ಅವರ ಕಡೆಯಿಂದ ಕ್ಷಮೆ ಅಂದರೆ ಅಷ್ಟೇ.

ಆಪರೇಷನ್ ಮಾತ್ರ ಆಗಲಿಲ್ಲ. ಕೊಯ್ಲು ಶುರುವಾಗಿತ್ತು. ಅರೇಬಿಕಾ ಹಣ್ಣು ಗಿಡದಲ್ಲಿ ಕೆಂಪಾಗಿ ನಿಂತಿರುವಾಗ, ಆಳು ಸಿಗುವುದೇ ಕಷ್ಟ ಆಗಿರುವಾಗ, ನಾಯಿಯ ಆಪರೇಷನ್‌ಗೆ ಎರಡು ದಿನ ತೋಟ ಬಿಟ್ಟು ಹೋಗುವವರು ಯಾರು? ಜೊತೆಗೆ "ಈ ವಯಸ್ಸಿಗೆ ಕೊಯ್ಸೋದು ಬೇಡ" ಅಂತ ಅಜ್ಜಿ. ನಾನೂ ಒತ್ತಾಯ ಮಾಡಲಿಲ್ಲ. ಅದು ಈಗಲೂ ಮನಸ್ಸಿಗೆ ಚುಚ್ಚುತ್ತದೆ.

ಸೂಜಿ

ಡಾಕ್ಟ್ರು ಬರೆದದ್ದು ಮನುಷ್ಯರಿಗೆ ಸಿಗುವ, ಎನ್‌ಪಿಎಚ್ ಎಂಬ ಬಗೆಯ ಇನ್ಸುಲಿನ್, ಮಿಲಿಗೆ 40 ಯೂನಿಟ್‌ನ ಬಾಟಲಿ. 12 ಗಂಟೆಗೊಮ್ಮೆ 3 ಯೂನಿಟ್. ಶುರುವಿಗೆ ಸಾಮಾನ್ಯವಾಗಿ ಕೆಜಿಗೆ ಕಾಲು ಯೂನಿಟ್‌ನಿಂದ ಅರ್ಧ ಯೂನಿಟ್ ಲೆಕ್ಕ, ಅವರು ಕೆಳಗಿನ ಕಡೆ ಹಿಡಿದರು. ಇದು ಜೂಲಿಯ ಲೆಕ್ಕ. ನಿಮ್ಮ ನಾಯಿಗೆ ನಿಮ್ಮ ಡಾಕ್ಟ್ರೇ ಹೇಳಬೇಕು.

"ಮನುಷ್ಯರ ಔಷಧಿ ನಾಯಿಗಾ?" ಎಂದು ಅಜ್ಜಿಗೆ ಆಶ್ಚರ್ಯ. ನಿಜ ಹೇಳಬೇಕೆಂದರೆ ಅದು ನಾಯಿಯಿಂದ ಮನುಷ್ಯರಿಗೆ ಬಂದದ್ದು. ಮೇದೋಜೀರಕ ಗ್ರಂಥಿ ತೆಗೆದರೆ ಸಕ್ಕರೆ ಕಾಯಿಲೆ ಬರುತ್ತದೆ ಎಂದು 1889ರಲ್ಲಿ ಮಿಂಕೋವ್‌ಸ್ಕಿ ಮತ್ತು ಫಾನ್ ಮೇರಿಂಗ್ ಕಂಡುಕೊಂಡದ್ದು ನಾಯಿಯಲ್ಲಿ. 1921ರಲ್ಲಿ ಟೊರಾಂಟೋದಲ್ಲಿ ಬ್ಯಾಂಟಿಂಗ್ ಮತ್ತು ಬೆಸ್ಟ್ ಆ ಗ್ರಂಥಿಯ ಸಾರ ತೆಗೆದು ಮೊದಲು ಬದುಕಿಸಿಕೊಂಡದ್ದೂ ನಾಯಿಗಳನ್ನೇ. 14 ವರ್ಷದ ಹುಡುಗನೊಬ್ಬನಿಗೆ ಮೊದಲ ಚುಚ್ಚುಮದ್ದು ಸಿಕ್ಕಿದ್ದು 1922ರ ಜನವರಿಯಲ್ಲಿ. ಇದನ್ನು ಹೇಳಿದಾಗ ಅಜ್ಜಿ ಜೂಲಿಯ ತಲೆ ಸವರಿ, "ಹಂಗಾದ್ರೆ ಋಣ ನಮ್ದೇ" ಎಂದರು.

ಮೊದಲ ಸೂಜಿಗೆ ನಾಲ್ಕು ಜನ ಬೇಕಾದರು. ಒಬ್ಬರು ತಲೆ ಹಿಡಿಯಲು, ಒಬ್ಬರು ಟಾರ್ಚ್ ಹಿಡಿಯಲು, ಚಿಕ್ಕಮ್ಮ ಚುಚ್ಚಲು, ಅಜ್ಜಿ ದೇವರಿಗೆ ಕೈ ಮುಗಿಯಲು. ನಾಯಿಗೆ ಗೊತ್ತೂ ಆಗಲಿಲ್ಲ. ಆ ಸೂಜಿ ಅಷ್ಟು ಸಣ್ಣ. ಮೂರನೇ ದಿನಕ್ಕೆ ಚಿಕ್ಕಮ್ಮ ಒಬ್ಬರೇ ಕೊಡುತ್ತಿದ್ದರು. ಬಾಟಲಿಯನ್ನು ಕುಲುಕದೆ ಎರಡು ಅಂಗೈ ನಡುವೆ ಹೊರಳಿಸಬೇಕು. ಪಕ್ಕೆಯ ಕಡೆಯ ಚರ್ಮವನ್ನು ಡೇರೆಯ ಹಾಗೆ ಎತ್ತಿ, ಅದರ ಬುಡಕ್ಕೆ ಚುಚ್ಚಬೇಕು. ದಿನಾ ಜಾಗ ಬದಲಿಸಬೇಕು. ಸ್ಪಿಟ್ಜ್ ನಾಯಿಯಲ್ಲಿ ಇರುವ ಕಷ್ಟ ಒಂದೇ, ಕೂದಲು. ಸೂಜಿ ಚರ್ಮದೊಳಗೆ ಹೋಯಿತೋ, ಆಚೆಯಿಂದ ಹೊರಬಂದು ಕೂದಲಿಗೆ ಸುರಿಯಿತೋ ತಿಳಿಯುವುದಿಲ್ಲ. ಎರಡು ಕಡೆ ಸಣ್ಣದಾಗಿ ಕೂದಲು ಕತ್ತರಿಸಿದ ಮೇಲೆ ಸರಿಹೋಯಿತು. ಕೂದಲು ಒದ್ದೆಯಾಗಿ ಔಷಧಿ ವಾಸನೆ ಬಂದರೆ ಚೆಲ್ಲಿದೆ ಅಂತ ಅರ್ಥ. ಆಗಲೂ ಇನ್ನೊಂದು ಸಲ ಕೊಡಬಾರದು. ಒಂದು ಹೊತ್ತು ತಪ್ಪಿದರೆ ಸಕ್ಕರೆ ಸ್ವಲ್ಪ ಏರುತ್ತದೆ. ಎರಡು ಸಲ ಹೋದರೆ ಜೀವಕ್ಕೇ ಕುತ್ತು.

ಮುಖ್ಯವಾದದ್ದು ಮೊದಲು ಊಟ, ಆಮೇಲೆ ಸೂಜಿ. ತಟ್ಟೆ ಖಾಲಿಯಾದರೆ ಪೂರ್ತಿ ಡೋಸ್. ಅರ್ಧ ಬಿಟ್ಟರೆ ಅಥವಾ ಮುಟ್ಟದಿದ್ದರೆ ಡಾಕ್ಟ್ರಿಗೆ ಫೋನ್. ಊಟವೂ ಒಂದೇ ತರಹದ್ದು, ತೂಕ ಮಾಡಿದ್ದು: ಚರ್ಮ ತೆಗೆದ ಬೇಯಿಸಿದ ಕೋಳಿ, ಅಳತೆಯ ಅನ್ನ, ಬೀನ್ಸ್, ಸಿಹಿಗುಂಬಳ. ಹಾಲನ್ನ, ಬೆಣ್ಣೆ, ಬಾಡೂಟದ ದಿನದ ಕೊಬ್ಬು ಎಲ್ಲ ಬಂದ್. ಕೊಬ್ಬು ಜಾಸ್ತಿಯಾದರೆ ಮೇದೋಜೀರಕ ಗ್ರಂಥಿಗೆ ಉರಿಯೂತ ಬರಬಹುದು. ಆಗ ಇನ್ಸುಲಿನ್ ಲೆಕ್ಕ ತಲೆಕೆಳಗು.

ಹತ್ತು ದಿನದ ಮೇಲೆ ಡಾಕ್ಟ್ರು 4 ಯೂನಿಟ್ ಮಾಡಿದರು. ನೀರು ಕುಡಿಯುವುದು 2 ಲೀಟರಿನಿಂದ 1 ಲೀಟರಿಗೆ ಬಂತು. ರಾತ್ರಿ ಜಗಲಿ ಒಣಗಿರುತ್ತಿತ್ತು. ಎಲ್ಲರೂ ಉಸಿರು ಬಿಟ್ಟೆವು.

ಡಬ್ಬಿಯಲ್ಲಿ ಸಿಕ್ಕ ಕಾರಣ

ನವೆಂಬರ್ ಕೊನೆಗೆ ನೀರು ಮತ್ತೆ ಏರಿತು. ನೋಟ್‌ಬುಕ್ಕಿನಲ್ಲಿ ದಿನಾ ಬರೆದಿದೆ: ಒಂದೂಕಾಲು ಲೀಟರ್, ಒಂದೂವರೆ, ಒಂದು ಮುಕ್ಕಾಲು. ಡೋಸ್ ಅದೇ 4, ಊಟ ಅದೇ, ಹೊತ್ತು ಅದೇ. ಲೈನ್ ಮನೆಯ ಆಳುಗಳು ಬಿಸ್ಕತ್ತು ಕೊಡುತ್ತಿದ್ದಾರೆ ಎಂದು ಚಿಕ್ಕಪ್ಪನಿಗೆ ಅನುಮಾನ. ಹೋಗಿ ಜೋರು ಮಾಡಿ ಬಂದರು. ಅವರು ಪಾಪ ಏನೂ ಕೊಟ್ಟಿರಲಿಲ್ಲ. ಡಾಕ್ಟ್ರ ಹತ್ತಿರ ಹೋದಾಗ ಸಕ್ಕರೆ 450. "4 ಸಾಲ್ತಾ ಇಲ್ಲ, 6 ಮಾಡಿ" ಎಂದರು. ನೀರು ತುಸು ಇಳಿಯಿತು, ಅಷ್ಟೇ.

ಅದಾಗಿ ಐದಾರು ದಿನಕ್ಕೆ ಒಂದು ಭಾನುವಾರ. ಕಣದಲ್ಲಿ ಕಾಫಿ ಹರಡಿತ್ತು. ಮಧ್ಯಾಹ್ನ ಒಂದು ಗಂಟೆ. ಜೂಲಿ ಕಣದ ಅಂಚಿನಲ್ಲಿ ಕುಡಿದವರ ಹಾಗೆ ನಡೆಯುತ್ತಿತ್ತು. ಹಿಂಗಾಲು ಅಡ್ಡ ಹೋಗುತ್ತಿತ್ತು. ಕರೆದರೆ ನಮ್ಮ ಕಡೆ ನೋಡಲಿಲ್ಲ. ನಾನು ಹತ್ತಿರ ಹೋಗುವಷ್ಟರಲ್ಲಿ ಬಿದ್ದು ಕಾಲು ಸೆಟೆಯಿತು, ದವಡೆ ನಡುಗಿತು. ಅಜ್ಜಿಯ ಗ್ಲೂಕೋಮೀಟರ್ ತಂದು ಕಿವಿಯ ಅಂಚು ಚುಚ್ಚಿದೆವು. 38.

ನಾಯಿಗೆ 60ಕ್ಕಿಂತ ಕೆಳಗೆ ಹೋದರೇ ಅಪಾಯ. ಮನುಷ್ಯರ ಮೀಟರ್ ನಾಯಿಯ ರಕ್ತದಲ್ಲಿ ಸಾಮಾನ್ಯವಾಗಿ ಸ್ವಲ್ಪ ಕಡಿಮೆ ತೋರಿಸುತ್ತದೆ, ನಿಜ. ಆದರೆ ಫಿಟ್ಸ್ ಬಂದ ನಾಯಿಯ ಎದುರು ಆ ಲೆಕ್ಕ ಹಾಕುತ್ತಾ ಕೂರಲು ಆಗುತ್ತದೆಯೇ? ಮಲೆನಾಡಿನ ಮನೆಯಲ್ಲಿ ಜೇನಿಗೆ ಬರವಿಲ್ಲ. ಚಿಕ್ಕಮ್ಮ ಬೆರಳಿನಲ್ಲಿ ಜೇನು ತೆಗೆದು ತುಟಿಯ ಒಳಗೆ, ಒಸಡಿಗೆ ತಿಕ್ಕಿದರು. ಚಿಕ್ಕಪ್ಪ ಲೋಟದಲ್ಲಿ ಸಕ್ಕರೆ ನೀರು ತಂದು ಬಾಯಿಗೆ ಹೊಯ್ಯಲು ಹೊರಟಿದ್ದರು, ನಾನು ತಡೆದೆ. ಪ್ರಜ್ಞೆ ಇಲ್ಲದ ನಾಯಿಗೆ ನೀರು ಹೊಯ್ದರೆ ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಹತ್ತು ನಿಮಿಷಕ್ಕೆ ಜೂಲಿ ತಲೆ ಎತ್ತಿತು. ಹದಿನೈದಕ್ಕೆ ಎದ್ದು ಅನ್ನ ತಿಂದಿತು. ಪೇಟೆಗೆ ಕರೆದುಕೊಂಡು ಹೋಗಿ ಗ್ಲೂಕೋಸ್ ಹಾಕಿಸಿದೆವು. ಸಂಜೆಯ ಸೂಜಿ ಬೇಡ ಎಂದರು ಡಾಕ್ಟ್ರು.

ಅವರಿಗೂ ಇದು ಒಗಟಾಗಿತ್ತು. 6 ಯೂನಿಟ್ ಕೊಡಲು ಶುರುಮಾಡಿ ಐದು ದಿನ ಏನೂ ಆಗದ್ದು, ಇವತ್ತು ಹೇಗೆ? ಎರಡು ಸಲ ಕೊಟ್ಟಿರಾ ಎಂದು ಕೇಳಿದರು. ಇಲ್ಲ. ಊಟ ಬಿಟ್ಟಿತ್ತಾ? ಇಲ್ಲ, ಪೂರ್ತಿ ತಿಂದಿತ್ತು.

ಬಳಸಿದ ಸಿರಿಂಜುಗಳನ್ನು ಚಿಕ್ಕಮ್ಮ ಒಂದು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿಗೆ ಹಾಕಿಡುತ್ತಿದ್ದರು. ತುಂಬಿದ ಮೇಲೆ ಆಸ್ಪತ್ರೆಗೆ ಕೊಡಲು. ಸೋಮವಾರ ರಜೆ ಹಾಕಿ ನಾನು ಅಲ್ಲೇ ಉಳಿದಿದ್ದೆ. ಬೆಳಿಗ್ಗೆ ಸುಮ್ನೆ ಆ ಡಬ್ಬಿ ನೋಡುತ್ತಾ ಕೂತಿದ್ದಾಗ ಕಣ್ಣಿಗೆ ಬಿತ್ತು. ತಳದಲ್ಲಿ ಎಲ್ಲ ಕೆಂಪು ಮುಚ್ಚಳ. ಮಧ್ಯದಲ್ಲಿ ಎಲ್ಲ ಕಿತ್ತಳೆ ಬಣ್ಣದ ಮುಚ್ಚಳ. ಮೇಲುಗಡೆ ಮತ್ತೆ ಮೂರು ಕೆಂಪು. ಬಾವಿ ತೋಡಿದಾಗ ಮಣ್ಣಿನ ಪದರ ಕಾಣುತ್ತದಲ್ಲ, ಹಾಗೆ.

ಕೆಂಪು ಮುಚ್ಚಳದ್ದು 40 ಯೂನಿಟ್ ಬಾಟಲಿಗೆ ಮಾಡಿದ ಸಿರಿಂಜ್. ಕಿತ್ತಳೆಯದ್ದು ಮಿಲಿಗೆ 100 ಯೂನಿಟ್‌ನ ಇನ್ಸುಲಿನ್‌ಗೆ ಮಾಡಿದ್ದು. ಮೇಲಿನ ಗೆರೆಗಳು ನೋಡಲು ಒಂದೇ ತರಹ, ಒಳಗೆ ಹಿಡಿಸುವ ಅಳತೆ ಬೇರೆ. ಕಿತ್ತಳೆ ಸಿರಿಂಜಿನಲ್ಲಿ 4ರ ಗೆರೆವರೆಗೆ ಎಳೆದರೆ ಬರುವುದು 0.04 ಮಿಲಿ. ಮಿಲಿಗೆ 40 ಯೂನಿಟ್‌ನ ಔಷಧಿಯಲ್ಲಿ ಅದು 1.6 ಯೂನಿಟ್ ಮಾತ್ರ. 6ರ ಗೆರೆಗೆ 2.4. ಅಂದರೆ ಡಾಕ್ಟ್ರು 4 ಸಾಲದು ಎಂದು 6 ಮಾಡಿದಾಗ, ಜೂಲಿಗೆ ಮೊದಲಿನ 3 ಕೂಡ ಹೋಗುತ್ತಿರಲಿಲ್ಲ. ಕಿತ್ತಳೆ ಮುಗಿದು ಶನಿವಾರ ಬೆಳಿಗ್ಗೆ ಹೊಸ ಕೆಂಪು ಬಿಚ್ಚಿದಾಗ 2.4 ಇದ್ದದ್ದು ಒಮ್ಮೆಲೇ ನಿಜವಾದ 6 ಆಯಿತು. ಎರಡೂವರೆ ಪಟ್ಟು. ಭಾನುವಾರ ಬೆಳಗಿನದು ಅಂಥ ಮೂರನೇ ಸೂಜಿ.

ನವೆಂಬರ್ ಕೊನೆಯಲ್ಲಿ ಪೇಟೆಯ ಒಂದು ಮೆಡಿಕಲ್ ಶಾಪಿನಲ್ಲಿ ಕೆಂಪು ಖಾಲಿಯಾಗಿತ್ತಂತೆ. "ಇನ್ಸುಲಿನ್ ಸಿರಿಂಜ್ ಎಲ್ಲಾ ಒಂದೇ ಅಕ್ಕಾ" ಎಂದು ಹುಡುಗ ಕಿತ್ತಳೆಯ 30 ಕೊಟ್ಟಿದ್ದ. ಚಿಕ್ಕಮ್ಮ ತಂದರು. ಮನೆಯಲ್ಲಿ ಮೂವರು ಸಕ್ಕರೆ ಕಾಯಿಲೆಯವರಿದ್ದರೂ ಮೂವರೂ ಮಾತ್ರೆಯವರು. ಸೂಜಿಯ ಸಮಾಚಾರ ಯಾರಿಗೂ ಗೊತ್ತಿರಲಿಲ್ಲ. ಡಾಕ್ಟ್ರೂ ಎಷ್ಟು ಕೊಡ್ತೀರಿ ಅಂತ ಕೇಳಿದರೇ ಹೊರತು ಯಾವುದರಲ್ಲಿ ಅಂತ ಕೇಳಲಿಲ್ಲ. ನಾವು ಹೇಳಿದ "ನಾಲ್ಕು" ಸುಳ್ಳಾಗಿರಲಿಲ್ಲ, ನಿಜವೂ ಆಗಿರಲಿಲ್ಲ.

ಫೋನಿನಲ್ಲಿ ಹೇಳಿದಾಗ ಡಾಕ್ಟ್ರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಇನ್ನೊಂದು ಕಾರಣವನ್ನೂ ಸೇರಿಸಿದರು. ಡಿಸೆಂಬರ್ ಹೊತ್ತಿಗೆ ಬೆದೆಯ ನಂತರದ ಆ ಎರಡು ತಿಂಗಳೂ ಮುಗಿದಿತ್ತು. ಪ್ರೊಜೆಸ್ಟರಾನ್ ಇಳಿದರೆ ಇನ್ಸುಲಿನ್‌ನ ಅಗತ್ಯವೂ ಇಳಿಯುತ್ತದೆ. ಎರಡೂ ಒಂದೇ ವಾರಕ್ಕೆ ಬಂದು ಕೂಡಿದ್ದವು. ಮತ್ತೆ 3 ಯೂನಿಟ್‌ಗೆ ಬಂದೆವು. ಕೆಂಪು ಮುಚ್ಚಳದ್ದೇ. ಅವತ್ತಿನಿಂದ ನೋಟ್‌ಬುಕ್ಕಿನಲ್ಲಿ ಪ್ರತಿ ಡೋಸ್ ಪಕ್ಕದಲ್ಲಿ ಮುಚ್ಚಳದ ಬಣ್ಣವೂ ಇದೆ.

ಒಂದು ಭಾನುವಾರದ ಏಳು ಚುಕ್ಕೆ

ಮುಂದಿನ ವಾರ ಡಾಕ್ಟ್ರು ಗ್ಲೂಕೋಸ್ ಕರ್ವ್ ಮಾಡಿ ಎಂದರು. ಬೆಳಗಿನ ಊಟ, ಸೂಜಿಯಿಂದ ಸಂಜೆಯವರೆಗೆ ಎರಡು ಗಂಟೆಗೊಮ್ಮೆ ಸಕ್ಕರೆ ನೋಡುವುದು. ಆಸ್ಪತ್ರೆಯಲ್ಲಿ ಮಾಡಿದರೆ ಹೆದರಿಕೆಗೇ ಸಕ್ಕರೆ ಏರುತ್ತದೆ, ಊಟವೂ ಸೇರುವುದಿಲ್ಲ, ಮನೆಯಲ್ಲೇ ವಾಸಿ. ಕಿವಿಯನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಿಕೊಂಡರೆ ರಕ್ತ ಸುಲಭವಾಗಿ ಬರುತ್ತದೆ. ಪ್ರತಿ ಸಲವೂ ಒಂದು ಚೂರು ಬೇಯಿಸಿದ ಕೋಳಿ ಲಂಚ ಕೊಡೋಣ ಎಂದರೆ ಅವತ್ತು ಅದೂ ಇಲ್ಲ, ಲೆಕ್ಕ ಕೆಡುತ್ತದೆ. ಬರೀ ಮಾತಿನ ಮುದ್ದು.

ಬಂದ ಅಂಕಿ ಹೀಗಿದ್ದವು. ಬೆಳಿಗ್ಗೆ 7ಕ್ಕೆ 312. 9ಕ್ಕೆ 240, 11ಕ್ಕೆ 168. ಮಧ್ಯಾಹ್ನ 1ಕ್ಕೆ 122, 3ಕ್ಕೆ 140. ಸಂಜೆ 5ಕ್ಕೆ 215, 7ಕ್ಕೆ 290.

ಚಿಕ್ಕಮ್ಮನಿಗೆ ಅಳುವೇ ಬಂತು. "ಬೆಳಿಗ್ಗೆ 312 ಅಂದ್ರೆ ಏನ್ ಮಗ! ನಂಗೆ ಖಾಲಿ ಹೊಟ್ಟೆಗೆ 140 ಬಂದ್ರೆ ಡಾಕ್ಟ್ರು ಬೈತಾರೆ." ಅವರಿಗೆ ಖಾಲಿ ಹೊಟ್ಟೆಯ ಅಂಕಿಯೇ ಎಲ್ಲ. ನಾಯಿಯ ಡಾಕ್ಟ್ರು ಮೊದಲು ನೋಡಿದ್ದು ಮಧ್ಯಾಹ್ನದ 122. ದಿನದ ಅತಿ ಕೆಳಗಿನ ಅಂಕಿ 80ರಿಂದ 150ರ ನಡುವೆ ಇರಬೇಕು. ಅದಕ್ಕಿಂತ ಕೆಳಗೆ ಹೋಗಬಾರದು, ಮೇಲೆಯೂ ನಿಲ್ಲಬಾರದು. ಬೆಳಿಗ್ಗೆ, ಸಂಜೆ ಸೂಜಿಯ ಹೊತ್ತಿಗೆ ಸ್ವಲ್ಪ ಏರಿರುವುದನ್ನು ಅವರು ಒಪ್ಪುತ್ತಾರೆ. ಬೆಳಗಿನ 312 ನೋಡಿ ಡೋಸ್ ಏರಿಸಿದರೆ ಮಧ್ಯಾಹ್ನದ 122 ಮತ್ತೆ 38 ಆಗುತ್ತದೆ. ನಾಯಿಯನ್ನು ಮನುಷ್ಯರಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ಬಾಯಾರಿಕೆ ಇಳಿದು, ತೂಕ ನಿಂತು, ಬಾಲ ಆಡಿಸಿಕೊಂಡಿದ್ದರೆ ಆಯಿತು. ಚಿಕ್ಕಮ್ಮನಿಗೆ ಇದನ್ನು ಒಪ್ಪಿಸಲು ಒಂದು ತಿಂಗಳು ಹಿಡಿಯಿತು. ಈಗಲೂ ಬೆಳಿಗ್ಗೆ ಒಂದೊಂದು ಸಲ ಕದ್ದು ಕಿವಿ ಚುಚ್ಚುತ್ತಾರೆ. ಸ್ಟ್ರಿಪ್ ಬೇಗ ಖಾಲಿಯಾಗುವುದರಿಂದ ಗೊತ್ತಾಗುತ್ತದೆ. ಈ ಕಾಯಿಲೆಯಲ್ಲಿ ಇನ್ಸುಲಿನ್‌ಗಿಂತ ಸ್ಟ್ರಿಪ್ ಖರ್ಚೇ ಜಾಸ್ತಿ, ಆ ಮಾತು ಬೇರೆ.

ಆಪರೇಷನ್, ಕಣ್ಣು

ಜನವರಿಯಲ್ಲಿ ಅರೇಬಿಕಾ ಮುಗಿದು ರೊಬಸ್ಟಾ ಶುರುವಾಗುವ ನಡುವಿನ ಬಿಡುವಿನಲ್ಲಿ ಹಾಸನದ ಪಶುವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಕರೆದುಕೊಂಡು ಬಂದೆವು. ಸ್ಕ್ಯಾನ್‌ನಲ್ಲಿ ಗರ್ಭಕೋಶದಲ್ಲಿ ಕೀವು ಇರಲಿಲ್ಲ. ಬೆದೆಯಾದ ತಿಂಗಳೆರಡು ತಿಂಗಳಿಗೆ ಹಾಗೆ ಕೀವು ತುಂಬುವುದು ವಯಸ್ಸಾದ ಹೆಣ್ಣು ನಾಯಿಗಳಲ್ಲಿ ಸಾಮಾನ್ಯ. ಆ ಸೋಂಕೂ ಇನ್ಸುಲಿನ್‌ಗೆ ಅಡ್ಡ. ಆಪರೇಷನ್ ದಿನ ಊಟವಿಲ್ಲ, ಅರ್ಧ ಡೋಸ್, ಆಗಾಗ ಸಕ್ಕರೆ ಪರೀಕ್ಷೆ. ಸಂಜೆ ಎಚ್ಚರವಾದ ಮೇಲೆ ಸ್ವಲ್ಪ ಊಟ. ಹೊಲಿಗೆ ಮಾಯಲು ಮಾಮೂಲಿಗಿಂತ ನಾಲ್ಕು ದಿನ ಜಾಸ್ತಿ ಹಿಡಿಯಿತು, ಬೇರೆ ತೊಂದರೆ ಇಲ್ಲ.

ಆದರೆ ಡೋಸ್ ಇಳಿಯಲಿಲ್ಲ. 3 ಇದ್ದದ್ದು 3. ಬೆದೆಯ ಹಾರ್ಮೋನು ಆಗಲೇ ತಾನಾಗಿ ಇಳಿದಿತ್ತಲ್ಲ. ಈಗಿನ ಆಪರೇಷನ್‌ನಿಂದ ಆದ ಲಾಭ ಮುಂದಿನ ಬೆದೆ ಬಂದು ಮತ್ತೆ ಎಲ್ಲ ಕೆಡದಿರುವುದು, ಅಷ್ಟೇ. "ನವೆಂಬರ್‌ನಲ್ಲೇ ಮಾಡ್ಸಿದ್ರೆ ಪೂರ್ತಿ ವಾಸಿ ಆಗ್ತಿತ್ತಾ ಸಾರ್?" ಎಂದು ಚಿಕ್ಕಮ್ಮ ಕೇಳಿದರು. "ಆಗಬಹುದಿತ್ತು, ಆಗದೇನೂ ಇರಬಹುದಿತ್ತು" ಎಂದರು ಡಾಕ್ಟ್ರು. ಒಳ್ಳೆಯ ಮನಸ್ಸಿನ ಉತ್ತರ ಅದು. ಆದರೆ ಬೇಲೂರು ದಾಟುವವರೆಗೆ ಕಾರಿನಲ್ಲಿ ಯಾರೂ ಮಾತಾಡಲಿಲ್ಲ.

ಫೆಬ್ರವರಿಯಲ್ಲಿ ಕಣ್ಣು ಮಂಜಾಯಿತು. ಏಪ್ರಿಲ್ ಹೊತ್ತಿಗೆ ಎರಡೂ ಕಣ್ಣು ಬೆಳ್ಳಗೆ. ರಕ್ತದಲ್ಲಿ ಜಾಸ್ತಿಯಾದ ಸಕ್ಕರೆ ಕಣ್ಣಿನ ಮಸೂರದೊಳಗೆ ಸಾರ್ಬಿಟಾಲ್ ಎಂಬ ವಸ್ತುವಾಗಿ ಬದಲಾಗುತ್ತದೆ. ಅದು ನೀರು ಎಳೆದುಕೊಂಡು ಮಸೂರ ಉಬ್ಬಿ ಪೊರೆ ಕಟ್ಟುತ್ತದೆ. ಸಕ್ಕರೆ ಕಾಯಿಲೆ ಬಂದ ನಾಯಿಗಳಲ್ಲಿ ಬಹುಪಾಲು ನಾಯಿಗಳಿಗೆ ವರ್ಷ ಒಂದೂವರೆ ವರ್ಷದೊಳಗೆ ಇದು ಬಂದೇ ಬರುತ್ತದೆ, ಎಷ್ಟು ಚೆನ್ನಾಗಿ ನೋಡಿಕೊಂಡರೂ. ಇದನ್ನು ಮೊದಲೇ ತಿಳಿದುಕೊಂಡಿರುವುದು ಒಳ್ಳೆಯದು. ಇಲ್ಲದಿದ್ದರೆ ನಮ್ಮ ಆರೈಕೆಯಲ್ಲೇ ಏನೋ ತಪ್ಪಿತು ಎಂದು ಕೊರಗುತ್ತೇವೆ. ಮನುಷ್ಯರಿಗೆ ಮಾಡುವ ಹಾಗೆ ಪೊರೆ ತೆಗೆದು ಮಸೂರ ಹಾಕುವ ಆಪರೇಷನ್ ನಾಯಿಗೂ ಇದೆ. ಅದಕ್ಕೆ ಬೆಂಗಳೂರಿಗೆ ಹೋಗಬೇಕು, ಆಮೇಲೆ ವಾರಗಟ್ಟಲೆ ದಿನಕ್ಕೆ ನಾಲ್ಕೈದು ಸಲ ಹನಿ ಹಾಕಬೇಕು. ಬೇಡ ಎಂದು ತೀರ್ಮಾನ ಮಾಡಿದೆವು. ನನಗೆ ಅದು ಸರಿಯೆನಿಸುತ್ತದೆ. ಆ ಮನೆಯ ಮೂಲೆ ಮೂಲೆಯೂ ಜೂಲಿಗೆ ಮೂಗಿನಲ್ಲೇ ಗೊತ್ತು. ಕಣದ ಮೆಟ್ಟಿಲಿಗೆ ಅಡ್ಡ ಒಂದು ಹಲಗೆ ಬಂತು. ಕುರ್ಚಿ ಸರಿಸಿದವರಿಗೆ ಅಜ್ಜಿಯಿಂದ ಬೈಗುಳ. ಪೊರೆ ಕಟ್ಟಿದ ಕಣ್ಣು ಕೆಂಪಾಗಿ ನೋಯುವುದುಂಟು, ಅದಕ್ಕೆ ಹನಿ ಇದೆ. ಆದರೆ ಯಾವ ಹನಿ ಎಂದು ಡಾಕ್ಟ್ರನ್ನೇ ಕೇಳಬೇಕು. ಕಣ್ಣಿನ ಹನಿಯಿರಲಿ, ಕಜ್ಜಿ ತುರಿಕೆಗೆ ಕೊಡುವ ಇಂಜೆಕ್ಷನ್ ಇರಲಿ, ಸ್ಟಿರಾಯ್ಡ್ ಇದ್ದರೆ ಸಕ್ಕರೆ ಏರುತ್ತದೆ.

ಮಳೆಗಾಲದ ಬಗ್ಗೆ ಒಂದೆರಡು ಮಾತು. ನಮ್ಮ ಕಡೆ ಜುಲೈನಲ್ಲಿ ಕರೆಂಟ್ ಹೋದರೆ ಮೂರು ದಿನ. ಫ್ರಿಜ್ ಇಲ್ಲದೆ ಇನ್ಸುಲಿನ್ ಕೆಡುತ್ತದೆ ಎಂದು ಚಿಕ್ಕಮ್ಮನಿಗೆ ಭಯ. ಮಳೆಗಾಲದ ಮಲೆನಾಡಿನ ತಂಪಿನಲ್ಲಿ ಹಾಗೇನೂ ಆಗುವುದಿಲ್ಲ. ಬಳಸುತ್ತಿರುವ ಬಾಟಲಿ ಮಡಕೆಯೊಳಗೆ, ನೀರು ತಾಗದ ಹಾಗೆ ಇಟ್ಟರೆ ಸಾಕು. ಕೆಟ್ಟದ್ದು ಕರೆಂಟ್ ಇದ್ದಾಗಲೇ. ಫ್ರಿಜ್ಜಿನ ಹಿಂಬದಿಗೆ ಒತ್ತಿಟ್ಟಿದ್ದ ಬಾಟಲಿ ಒಂದು ರಾತ್ರಿ ಹೆಪ್ಪುಗಟ್ಟಿತು. ಕರಗಿದ ಮೇಲೆ ನೋಡಲು ಚೆನ್ನಾಗಿಯೇ ಇತ್ತು. ಆದರೂ ಎಸೆದೆವು. ಹೆಪ್ಪುಗಟ್ಟಿದ ಇನ್ಸುಲಿನ್ ಮತ್ತೆ ಕೆಲಸಕ್ಕೆ ಬಾರದು. ಈಗ ಬಾಟಲಿಯ ಜಾಗ ಫ್ರಿಜ್ ಬಾಗಿಲಿನಲ್ಲಿ, ಮೊಟ್ಟೆಯ ಪಕ್ಕ. ತೆರೆದ ದಿನಾಂಕ ಮೇಲೆ ಬರೆದಿರುತ್ತದೆ. ತಿಂಗಳಾದ ಮೇಲೆ ಒಳಗೆ ಎಷ್ಟೇ ಉಳಿದಿರಲಿ, ಹೊಸದು. ಅರ್ಧಕ್ಕಿಂತ ಜಾಸ್ತಿ ದಂಡವಾಗುತ್ತದೆ, ಚಿಕ್ಕಪ್ಪನಿಗೆ ಇದೊಂದು ಇನ್ನೂ ಒಪ್ಪಿಗೆಯಾಗಿಲ್ಲ.

ಮತ್ತೆ ದೀಪಾವಳಿ ಬಂದು ಹೋಯಿತು. ತೂಕ 12.2 ಕೆಜಿ. ಅಜ್ಜಿ ಸಂಜೆ ಕಾಫಿಗೆ ಕೂತಾಗ ಜೂಲಿಗೆ ಸೌತೆಕಾಯಿ ಚೂರು ಸಿಗುತ್ತದೆ. ಬಿಸ್ಕತ್ತು ಅಜ್ಜಿಗೂ ನಿಂತಿದೆ. ನಾಯಿಯ ಎದುರಿಗೆ ಒಬ್ಬರೇ ತಿನ್ನುವುದು ಹೇಗೆ ಎನ್ನುತ್ತಾರೆ. ಅಂಗಳದ ಮೂಲೆಗೆ ಹೋಗಿ ಇರುವೆ ಬಂದಿದೆಯಾ ನೋಡುವುದು ಮಾತ್ರ ಬಿಟ್ಟಿಲ್ಲ. ಉಚ್ಚೆಗೆ ಅದ್ದುವ ಡಾಕ್ಟ್ರ ಪಟ್ಟಿಗಿಂತ ಅದರ ಮೇಲೆ ಅವರಿಗೆ ನಂಬಿಕೆ ಜಾಸ್ತಿ.

ಬೆಳಿಗ್ಗೆ ಏಳಕ್ಕೆ ಫ್ರಿಜ್ ಬಾಗಿಲು ತೆರೆದ ಸದ್ದಿಗೆ ಜೂಲಿ ತಾನಾಗಿಯೇ ಬಂದು ಒಲೆಯ ಪಕ್ಕ ನಿಲ್ಲುತ್ತದೆ. ಕಳೆದ ಭಾನುವಾರ ನಾನು ಹೋಗಿದ್ದಾಗ ನೋಟ್‌ಬುಕ್ಕಿನ ಕೊನೆಯ ಸಾಲು ಚಿಕ್ಕಮ್ಮನ ಕೈಬರಹದಲ್ಲಿ ಹೀಗಿತ್ತು: "7-25. ತಡ ಆಯ್ತು, ಹಾಲಿನವನು ಬಂದಿದ್ದ. ಊಟ ಪೂರ್ತಿ. ಎಡಗಡೆ. 3. ಕೆಂಪು."